ಪರದೆಗೆ ಹಾಕಿದ ಅಕ್ಷತೆ

ನಾನು ಚಿಕ್ಕವಳಿದ್ದಾಗ ಗಂಗಾವತಿಯ ಟಾಕೀಸಿಗೆ ತಗಡಿನ ಮಾಡಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಗಿಡ್ಡ ಗೋಡೆ. ಮಧ್ಯಾಹ್ನದ ಆಟಕ್ಕೆ ಹೋದರೆ ಬೆವರು, ಬೀಡಿಯ ಹೊಗೆ, ಹುರಿದ ಶೇಂಗಾದ ವಾಸನೆ ಎಲ್ಲವೂ ಒಟ್ಟಿಗೆ ಮೂಗಿಗೆ ಬಡಿಯುತ್ತಿದ್ದವು.

ಆ ಬೇಸಿಗೆಯಲ್ಲಿ ಒಂದು ಪ್ರೇಮದ ಸಿನಿಮಾ ಬಂತು. ಹುಡುಗನದು ಒಂದು ಜಾತಿ, ಹುಡುಗಿಯದು ಇನ್ನೊಂದು. ಎರಡೂ ಮನೆಯವರು ಬೇಡವೆಂದಾಗ ಅವರಿಬ್ಬರೇ ಒಂದು ಹಾಳು ಗುಡಿಯಲ್ಲಿ ಮದುವೆಯಾಗುತ್ತಾರೆ. ಅಕ್ಷತೆ ಹಾಕಲು ಒಬ್ಬ ಹಿರಿಯರೂ ಇರುವುದಿಲ್ಲ. ಅದನ್ನು ನೋಡಲಾರದೆ ನಮ್ಮೂರಿನವರೇ ಹಿರಿಯರಾದರು! ಅರಿಸಿನ ಕಲಸಿದ ಅಕ್ಕಿಯನ್ನು ಮನೆಯಿಂದಲೇ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಮದುವೆಯ ಹೊತ್ತಿಗೆ ಪರದೆಗೆ ಹಾಕುತ್ತಿದ್ದರು.

ಅಪ್ಪ ಅಕ್ಕಿ ಗಿರಣಿಯ ಯಜಮಾನ. ಅವನೆದುರು ಹಮಾಲರ ನಾಲಗೆಯೂ ಒಣಗುತ್ತಿತ್ತು. ಅಂಥ ಅಪ್ಪ ಒಂದು ದಿನ ಅಕ್ಕನನ್ನೂ ನನ್ನನ್ನೂ ಆ ಸಿನಿಮಾಕ್ಕೆ ಕರೆದುಕೊಂಡು ಹೋದ. ಮದುವೆಯ ದೃಶ್ಯ ಬಂದಾಗ ಗೋಡೆಯಾಚೆ ಎದ್ದು ನಿಂತು, ಒಂದು ಹಿಡಿ ಅಕ್ಷತೆ ಹಾಕಿ, ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡ. ನನ್ನ ಪಕ್ಕದಲ್ಲಿದ್ದ ಅಕ್ಕ ಪರದೆಯನ್ನು ಬಿಟ್ಟು ಅಪ್ಪನನ್ನೇ ನೋಡುತ್ತಿದ್ದಳು. ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು.

ಹಿಂದಿನ ಓಣಿಯ ದರ್ಜಿಯ ಮಗನನ್ನು ಅಕ್ಕ ಇಷ್ಟಪಟ್ಟಿದ್ದಳು. ಅವರ ಜಾತಿ ಬೇರೆ. ಅವರ ಮನೆಯಲ್ಲಿ ನಮ್ಮವರು ನೀರು ಸಹ ಕುಡಿಯುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಅಪ್ಪ ಸಿನಿಮಾದ ಹುಡುಗಿಯ ತಂದೆಯನ್ನು ಬಯ್ಯುತ್ತಲೇ ಇದ್ದ, ಅವನಿಗೆ ಕರುಳೇ ಇಲ್ಲವೆಂದ. ಆಗ ಅಕ್ಕ ಎದುರಿಗೆ ಬಂದು ನಿಂತು ಎಲ್ಲವನ್ನೂ ಹೇಳಿಬಿಟ್ಟಳು.

"ಯಾರೋ ಪರದೇ ಮ್ಯಾಲಿನವರಿಗೆ ಅಕ್ಷತಿ ಹಾಕಿದಿ. ನನಗ ಹಾಕ್ತಿಯೇನಪ್ಪಾ?"

ಅಪ್ಪ ಅಂಗಿ ಕಳಚಿ ಗೂಟಕ್ಕೆ ಹಾಕಿದ. ಆಮೇಲೆ, "ಅದು ಸಿನಿಮಾ ಐತಿ. ಇದು ಮನಿ," ಎಂದ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಹಾಗಾಯಿತು. ಅದೇ ವರ್ಷ ಅಕ್ಕನನ್ನು ಬೇವೂರಿಗೆ ಮದುವೆ ಮಾಡಿಕೊಟ್ಟರು. ಭಾವ ಒಳ್ಳೆಯವರೇ. ಆದರೆ ಅಕ್ಕ ಮತ್ತೆಂದೂ ಟಾಕೀಸಿಗೆ ಬರಲಿಲ್ಲ. ಅಪ್ಪನೊಂದಿಗೆ ಎಷ್ಟು ಬೇಕೋ ಅಷ್ಟೇ ಮಾತು. ಆ ಸಿನಿಮಾ ಊರಿಗೆ ಮತ್ತೆ ಬಂದಾಗಲೆಲ್ಲ ಅಪ್ಪ ಒಬ್ಬನೇ ಹೋಗಿ ನೋಡಿ ಬರುತ್ತಿದ್ದ. ನನಗೆ ಅವನ ಮೇಲೆ ಇಂದಿಗೂ ಸಿಟ್ಟಿದೆ. ಅವನ ಕಣ್ಣೀರು ಸುಳ್ಳಲ್ಲವೆಂದು ಗೊತ್ತಿರುವುದರಿಂದ ಸಿಟ್ಟು ಇನ್ನೂ ಹೆಚ್ಚು.

ಮೊಮ್ಮಕ್ಕಳೇ, ಆ ಟಾಕೀಸು ಈಗಿಲ್ಲ. ಆ ಸಿನಿಮಾ ಮಾತ್ರ ನಿಮ್ಮ ಮೊಬೈಲಿನಲ್ಲೇ ಇದೆ. ಮೊನ್ನೆ ಫ್ಯಾನಿನ ಕೆಳಗೆ ಕುಳಿತು ನೋಡುತ್ತಾ ನೀವೂ ಅತ್ತಿರಿ. ಕಪ್ಪು ಬಿಳುಪಿನ ಹಳೆಯ ಚಿತ್ರವೆಂದು ನಕ್ಕವರೂ ನೀವೇ. ಕೊನೆಗೆ ಮೊಬೈಲು ನಿಲ್ಲಿಸಿ, "ಇಬ್ಬರಿಗೂ ಮನಸ್ಸಿತ್ತಲ್ಲಾ, ಮತ್ಯಾಕ ಬ್ಯಾಡ ಅಂದ್ರು?" ಎಂದು ನಿಮ್ಮಪ್ಪನನ್ನು ಕೇಳಿದಿರಿ. ಅಂಥ ಮಾತು ಕೇಳಲು ನನ್ನ ಅಕ್ಕ ಅಪ್ಪನ ಕಣ್ಣೀರು ಕಾಣುವವರೆಗೆ ಕಾದಿದ್ದಳು. ನೀವು ಎಷ್ಟು ಸಲೀಸಾಗಿ ಕೇಳಿಬಿಟ್ಟಿರಿ! ನಿಮ್ಮನ್ನು ಯಾರೂ ಬಯ್ಯಲಿಲ್ಲ. ಆದರೆ ನಿಮ್ಮಪ್ಪ ಎದ್ದು ಹೊರಗೆ ಹೋದ.

ಅವನನ್ನು ಇನ್ನೊಮ್ಮೆ ಕೇಳಿರಿ. ಈ ಸಲ ನಾನೂ ನಿಮ್ಮ ಪಕ್ಕದಲ್ಲಿ ಕುಳಿತಿರುತ್ತೇನೆ.