ಎಡ ಹೆಗಲು

ನಮ್ಮ ಭಾವ ಟೇಪು ಹಿಡಿದು ಅಳತೆ ತೆಗೆದವರಲ್ಲ. ಟೇಪು ಕತ್ತಿನಲ್ಲಿ ನೇತಾಡುತ್ತಿದ್ದುದು ಶೋಕಿಗೆ. ಒಂದೇ ಕಾರ್ಖಾನೆಯಲ್ಲಿ ಅವರು ಕಟಿಂಗ್ ಮೇಜಿನ ಮುಂದೆ, ನಾನು ಇಸ್ತ್ರಿ ಮೇಜಿನ ಮುಂದೆ. ಸಿರಿವಂತರ ಮನೆ ಹೆಂಗಸರು ಒಮ್ಮೆ ತೊಟ್ಟು ಬೀರುವಿಗಿಡುವಂಥ ಗೌನುಗಳು ಅಲ್ಲಿ ತಯಾರಾಗುತ್ತಿದ್ದವು. ಹೊಸ ಗೌನಿಗೆ ಮೊದಲು ಹತ್ತಿಬಟ್ಟೆ ಹೊದಿಸಿ, ಗುಂಡುಸೂಜಿ ಚುಚ್ಚಿ ರೂಪ ನೋಡಬೇಕು. ಅದಕ್ಕೆಂದೇ ಮರದ ಬೊಂಬೆಗಳಿದ್ದವು.

"ಬೊಂಬೆ ಉಸಿರಾಡಲ್ಲ ಕಣೋ" ಅಂತ ಭಾವ ಹೆಂಡತಿಯನ್ನೇ, ಅಂದರೆ ನನ್ನ ಅಕ್ಕನನ್ನೇ, ನಿಲ್ಲಿಸಿಕೊಳ್ಳುತ್ತಿದ್ದರು.

ಅಕ್ಕ ಚಿಕ್ಕಂದಿನಿಂದ ಬಟ್ಟೆಗಂಟು ಹೊತ್ತವಳು. ಎಡ ಹೆಗಲು ಎರಡು ಬೆರಳಷ್ಟು ಇಳಿದಿತ್ತು. ಭಾವನ ಕೈ ಆ ಇಳಿಜಾರನ್ನೇ ಕಲಿತುಬಿಟ್ಟಿತು.

ಅಕ್ಕ ಜ್ವರದಲ್ಲಿ ಹೋದಾಗ ಮಗಳಿನ್ನೂ ತೊದಲುತ್ತಿದ್ದಳು. ಅಲ್ಲಿಂದ ಆ ಹುಡುಗಿಯ ಪ್ರತಿ ಬಟ್ಟೆಯನ್ನೂ ಭಾವನೇ ಹೊಲಿದರು. "ನನ್ನ ಮಗಳಿಗೆ ಅಂಗಡಿ ಬಟ್ಟೆನಾ? ಥೂ!" ಆ ಫ್ರಾಕುಗಳಿಗೆ ಇಸ್ತ್ರಿ ಹಾಕುತ್ತಿದ್ದವನು ನಾನು.

"ಭಾವ, ಎಡಗಡೆ ಇಳಿದಿದೆ."

"ನಿನ್ನ ಕಣ್ಣು ಇಳಿದಿದೆ. ಹೋಗೋ."

ಆಮೇಲೆ ಕಾರ್ಖಾನೆ ಮುಚ್ಚಿತು. ಹುಡುಗಿ ದೊಡ್ಡವಳಾಗಿ ಈ ವರ್ಷ ರೆಡಿಮೇಡ್ ಶೋರೂಮಿಗೆ ಸೇರಿದಳು. ಅಲ್ಲಿಯ ಹೊಸ ಫ್ಯಾಷನ್ ತೊಟ್ಟುಕೊಂಡು ಗಿರಾಕಿಗಳ ಮುಂದೆ ನಿಲ್ಲುವ ಕೆಲಸ. ಈ ಸಲದ ಫ್ಯಾಷನ್ನು ಹಲಗೆಯಂಥ ಹೆಗಲಿನ ಜಾಕೆಟ್ಟು. ಅದು ಎಡಕ್ಕೆ ಜಾರುತ್ತಿತ್ತು. ಬದಲಿಸಿ ತಂದಳು, ಅದೂ ಜಾರಿತು.

"ಮಾಮಾ, ಇವರಿಗೆ ಹೊಲಿಯೋಕೇ ಬರಲ್ಲ. ಎಲ್ಲಾ ಸೊಟ್ಟ! ಸೋಮವಾರ ಸರಿಯಾಗಿ ಕೂರದಿದ್ರೆ ನನ್ನನ್ನ ಗೋಡೌನಿಗೆ ಹಾಕ್ತಾರಂತೆ."

"ಮಷಿನ್ ಹೊಲಿಗೆ ಹಣೆಬರಹವೇ ಅಷ್ಟು" ಅಂದರು ಭಾವ.

ನಮ್ಮ ಕಾರ್ಖಾನೆಯ ಹಳೇ ಯಜಮಾನಿ ಉಳಿದ ಗೌನುಗಳನ್ನು ಮ್ಯೂಸಿಯಮ್ಮಿಗೆ ಕೊಟ್ಟಿದ್ದರು. ಭಾನುವಾರ ನಾವು ಮೂವರೂ ನೋಡಲು ಹೋದೆವು. ಗಾಜಿನ ಪೆಟ್ಟಿಗೆಯೊಳಗೆ ಒಂದು ಬಿಳಿ ಗೌನು. ಅಕ್ಕನ ಮೈಮೇಲೆ ಹೊದಿಸಿ ರೂಪಿಸಿದ ಕೊನೆಯದು. ಯಾರಿಗೂ ಹೆಗಲು ಕೂರದೆ ಮಾರಾಟವಾಗದೆ ಉಳಿದಿತ್ತು. ತಲೆಯಿಲ್ಲದ ನೆಟ್ಟನೆ ಬೊಂಬೆಗೆ ತೊಡಿಸಿದ್ದರು. ಎಡಗಡೆ ಮುದುಡಿ ಮುದ್ದೆಯಾಗಿತ್ತು. ನನ್ನ ಪಿತ್ತ ನೆತ್ತಿಗೇರಿತು.

"ಯಾವನಯ್ಯಾ ಇದನ್ನ ತೊಡಿಸಿದ್ದು? ಕಣ್ಣಿಲ್ವಾ?"

ಕಾವಲುಗಾರ ಓಡಿಬಂದ. "ಮೆಲ್ಲಗೆ ಸ್ವಾಮಿ. ಇದು ಮ್ಯೂಸಿಯಂ, ಸಂತೆ ಅಲ್ಲ."

ಅಷ್ಟರಲ್ಲಿ ಹುಡುಗಿ ಪೆಟ್ಟಿಗೆಯ ಹಿಂದೆ ಹೋಗಿ ನಮ್ಮ ಕಡೆ ತಿರುಗಿ ನಿಂತಳು. ಗಾಜಿನಾಚೆಯಿಂದ, ಬೊಂಬೆಯ ಕತ್ತಿನ ಮೇಲೆ ಅವಳ ಮುಖ ಕೂತಿತು. ಇಳಿದ ಹೊಲಿಗೆ ಅವಳ ಹೆಗಲ ಅಂಚಿಗೆ ಸರಿಯಾಗಿ ಹೊಂದಿಕೊಂಡಿತು. ಒಳಗೆ ನಿಂತಿದ್ದವಳು ಅಕ್ಕ.

"ನೆಟ್ಟಗೆ ನಿಲ್ಲೇ!" ಭಾವ ಕಿರುಚಿದರು.

"ನೆಟ್ಟಗೇ ನಿಂತಿದೀನಪ್ಪಾ."

ಭಾವ ಅವಳ ಹತ್ತಿರ ಹೋಗಿ, ಇಂದಿಗೂ ಬಿಡದ ಟೇಪನ್ನು ಕತ್ತಿನಿಂದ ತೆಗೆದರು. ಅಲ್ಲೇ ಮಂಡಿಯೂರಿ, ನೆಲದಿಂದ ಬಲ ಹೆಗಲಿಗೆ ಹಿಡಿದರು. ಆಮೇಲೆ ಎಡಕ್ಕೆ. ಮತ್ತೆ ಬಲಕ್ಕೆ. ಎರಡು ಬೆರಳು. ಒಂದು ದಿನವೂ ಗಂಟು ಹೊತ್ತ ಹುಡುಗಿಯಲ್ಲ ಅದು. ಹೊತ್ತದ್ದೆಲ್ಲ ಅಪ್ಪ ಹೊಲಿದ ಬಟ್ಟೆ.

"ಏನಪ್ಪಾ ಆಯ್ತು?"

"ಏನಿಲ್ಲಮ್ಮಾ. ಜಾಕೆಟ್ ಕೊಡು, ಸರಿ ಮಾಡ್ತೀನಿ."

ಮನೆಗೆ ಬಂದವರೇ ಜಾಕೆಟ್ಟಿನ ಎಡ ಹೆಗಲು ಬಿಚ್ಚಿ, ಒಳಗೆ ಎರಡು ಬೆರಳು ದಪ್ಪ ಹತ್ತಿ ಇಟ್ಟು ಹೊಲಿದರು. ಪ್ರತಿ ಹೊಲಿಗೆಗೂ ಟೇಪು ಇಟ್ಟು ನೋಡಿದರು. ಸೋಮವಾರ ಜಾಕೆಟ್ಟು ಬೊಂಬೆಗೆ ತೊಡಿಸಿದ ಹಾಗೆ ಕೂತಿತು. ಹುಡುಗಿಯನ್ನು ಗೋಡೌನಿಗೆ ಹಾಕಲಿಲ್ಲ. ಭಾವ ಅವಳಿಗೆ ಮತ್ತೆ ಬಟ್ಟೆ ಹೊಲಿಯಲಿಲ್ಲ.

ಬೀದಿಯಲ್ಲಿ ಹೋಗುವಾಗ ಅವಳು ನೆಟ್ಟಗೇ ಕಾಣುತ್ತಾಳೆ. ಸಂಜೆ ಬಂದು ಜಾಕೆಟ್ಟು ಗೂಟಕ್ಕೆ ಹಾಕಿ ಅಡುಗೆಮನೆ ಕಡೆ ಹೊರಟಳೋ, ಭಾವ ಗೋಡೆಗೆ ಮುಖ ಮಾಡಿಕೊಳ್ಳುತ್ತಾರೆ. ನಾನೂ ಅಷ್ಟೇ.