ಜೆರಾಕ್ಸ್ ಅಕ್ಕನ ಭುಜ

ಆಟದಲ್ಲಿ ಗೆದ್ದವರಿಗೆ ಗೆಲ್ಲುವುದೊಂದೇ ಕೆಲಸ, ಗೆಲ್ಲದವರಿಗೆ ನೂರೆಂಟು. ಈ ಅಕ್ಕ ಅವುಗಳಲ್ಲಿ ಕೆಲವನ್ನು ಮಾಡಿ ನೋಡಿದ್ದಳು. ಅಂಗಡಿಯಲ್ಲಿ ಕೂತು ರಾಕೆಟ್ಟಿಗೆ ತಂತಿ ಬಿಗಿದಳು. ಗೆರೆಯ ಪಕ್ಕ ಕುರ್ಚಿ ಹಾಕಿಕೊಂಡು ಔಟ್ ಎಂದು ಕೂಗಿ ಬೈಸಿಕೊಂಡಳು. ಕೊನೆಗೆ, ಬ್ಯಾಡ್ಮಿಂಟನ್‌ನಲ್ಲಿ ಹೆಸರು ಮಾಡುತ್ತಿದ್ದ ಸ್ವಂತ ತಂಗಿಗೆ ಅಭ್ಯಾಸದ ಜೊತೆಗಾತಿಯಾಗಿ ನೆಟ್ಟಿನ ಆಚೆ ನಿಂತಳು.

ಅದೇನು ಸುಮ್ಮನೆ ಷಟಲ್ ಹೊಡೆದು ಕಳಿಸುವ ಕೆಲಸವೇ? ಮುಂದಿನ ಪಂದ್ಯದಲ್ಲಿ ತಂಗಿಗೆ ಯಾರು ಎದುರಾಗುತ್ತಾರೋ ಅವರ ವಿಡಿಯೋ ನೋಡಿ ಥೇಟ್ ಅವರ ಹಾಗೇ ಆಡಬೇಕು. ಎದುರಾಳಿ ಅವಸರದವಳಾದರೆ ಅವಸರ, ಸೋಮಾರಿಯಾದರೆ ಸೋಮಾರಿತನ. ಹಾಲ್‌ನಲ್ಲಿ ಎಲ್ಲರೂ ಅವಳನ್ನು ಜೆರಾಕ್ಸ್ ಅಕ್ಕ ಎಂದೇ ಕರೆಯುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ತನ್ನದೇ ಆಟ ಹೇಗಿತ್ತೆಂಬುದು ಮರೆತೇ ಹೋದೀತೆಂದು ಒಳಗೊಳಗೇ ಹೆದರಿಕೆ.

ಹಾಗಾಗಿ ಕ್ಲಬ್ಬಿನಲ್ಲಿ ಚಿಕ್ಕ ಮಕ್ಕಳಿಗೆ ಆಟ ಕಲಿಸುವ ಕೆಲಸ ಖಾಲಿಯಾದಾಗ ಆಸೆಪಟ್ಟು ಕೇಳಿದಳು. ಹಿರಿಯ ಕೋಚ್, "ನಿನ್ನ ಬಿಟ್ರೆ ಇನ್ಯಾರಮ್ಮ ಇದಾರೆ?" ಎಂದುಬಿಟ್ಟರು. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲು ಹೇಳಿದ್ದು ತಂಗಿಗೇ. ತಂಗಿ ತಬ್ಬಿಕೊಂಡು, "ಪಾರ್ಟಿ ಕೊಡಿಸ್ಬೇಕು ಮತ್ತೆ!" ಎಂದಳು.

ಅದಾಗಿ ಎರಡು ದಿನಕ್ಕೆ ತಂಗಿ, "ಅಕ್ಕಾ, ಇವತ್ತು ಮುಂದಿನ ಪಂದ್ಯದ ಆ ಕುಳ್ಳಿ ಥರ ಆಡೇ. ಅವಳ ಬಲಭುಜಕ್ಕೆ ಪೆಟ್ಟಾಗಿದೆ, ಕೈ ಮೇಲೆ ಎತ್ತೋದೇ ಇಲ್ಲ" ಎಂದಳು. ಅಕ್ಕ ಒಂದೂ ಸ್ಮ್ಯಾಷ್ ಹೊಡೆಯಲಿಲ್ಲ. ತಲೆಯ ಮೇಲೆ ಬಂದದ್ದನ್ನೆಲ್ಲ ಬಿಟ್ಟಳು. ನಡುನಡುವೆ ಭುಜ ಹಿಡಿದುಕೊಂಡು ಮುಖ ಕಿವುಚಿದಳು. ಬಾಗಿಲ ಬಳಿ ಕೋಚ್ ಕೈಕಟ್ಟಿ ನಿಂತಿದ್ದರು. ನೋಡಲಿ, ನನ್ನ ಕೆಲಸ ಎಷ್ಟು ಅಚ್ಚುಕಟ್ಟು ಅಂತ ಅವರಿಗೂ ಗೊತ್ತಾಗಲಿ ಎಂದುಕೊಂಡು, ಪಾಪದ್ದು, ಇನ್ನೂ ಹುರುಪಿನಿಂದ ಭುಜ ಉಜ್ಜಿಕೊಂಡಳು!

ಆದರೆ ಮಕ್ಕಳಿಗೆ ಕಲಿಸುವ ಕೆಲಸ ಬೇರೆಯವಳಿಗೆ ಹೋಯಿತು. ಅಕ್ಕ ನೇರ ಕೋಚ್ ಕೋಣೆಗೆ ನುಗ್ಗಿದಳು.

"ಯಾಕೆ ಸರ್?"

"ನಿನ್ನ ಒಳ್ಳೇದಕ್ಕೇ ಕಣಮ್ಮ. ನಿನ್ನ ಭುಜ ಹೋಗಿದೆ, ದಿನವಿಡೀ ಮಕ್ಕಳ ಜೊತೆ ಆಡಿದ್ರೆ ಕೈಯೇ ಹೋಗತ್ತೆ ಅಂತ ನಿನ್ನ ತಂಗಿ ಕಣ್ಣೀರು ಹಾಕಿದ್ಳು. ನಾನು ನಂಬಲಿಲ್ಲ. ಬಂದು ನೋಡಿ ಸರ್ ಅಂದ್ಲು. ಬಂದು ನೋಡಿದೆ."

ಅಕ್ಕ ಬಲಗೈಯನ್ನು ಕಿವಿಗೆ ತಾಗುವಂತೆ ಮೇಲಕ್ಕೆತ್ತಿ, ಗಿರಗಿರ ತಿರುಗಿಸಿ ತೋರಿಸಿದಳು. ಕೋಚ್ ಮುಖ ಹುಳ್ಳಗಾಯಿತು. "ಛೆ! ಆಗಿದ್ದು ಆಗಿಹೋಯ್ತು. ಇನ್ನೊಬ್ಬಳು ಆಗಲೇ ಕೆಲಸಕ್ಕೆ ಸೇರಿಬಿಟ್ಳಲ್ಲಮ್ಮ" ಎಂದು ತಲೆ ತಗ್ಗಿಸಿದರು.

ಮನೆಯಲ್ಲಿ ತಂಗಿ ಮಂಚದ ಮೇಲೆ ಕೂತು ರಾಕೆಟ್ಟಿನ ಹಿಡಿಗೆ ಹೊಸ ಪಟ್ಟಿ ಸುತ್ತುತ್ತಿದ್ದಳು. ಮೊದಲು ಏನೂ ಅರಿಯದವಳಂತೆ ನೋಡಿದಳು. ಅಕ್ಕ ಬಿಡದೆ ನಿಂತಾಗ ಸಿಡುಕಿದಳು. "ಮತ್ತಿನ್ನೇನ್ ಮಾಡ್ಲಿ? ಆಯ್ಕೆ ಪಂದ್ಯ ತಲೆ ಮೇಲೆ ಕೂತಿದೆ. ನೀನು ಮಕ್ಕಳ ಹಿಂದೆ ಹೋದ್ರೆ ನನ್ನ ಜೊತೆ ಯಾರು ಆಡ್ತಾರೆ? ನಿನ್ನಂಥವಳು ಎಲ್ಲಿ ಸಿಗ್ತಾಳೆ ಹೇಳು!"

ಹೊಗಳಿಕೆ ಬೇರೆ! ಹೊರಗಿನವರು ಹೀಗೆ ಮಾಡಿದ್ದರೆ ಅಕ್ಕ ಬೈದು ಮರೆಯುತ್ತಿದ್ದಳೇನೋ. "ಒಂದ್ ಮಾತು ಕೇಳಿದ್ರೆ ಸಂಜೆ ಬಂದು ಆಡ್ತಿದ್ನಲ್ಲೇ! ನನ್ನ ಕೈಯಿಂದಲೇ ನನ್ನ ಬಾಯಿಗೆ ಮಣ್ಣು ಹಾಕಿಸಿದ್ಯಲ್ಲೇ!" ಎಂದು ಗಟ್ಟಿಯಾಗಿ ಅತ್ತಳು. ತಂಗಿ ಸುತ್ತುತ್ತಿದ್ದ ಪಟ್ಟಿಯನ್ನು ಸುತ್ತಿ ಮುಗಿಸಿದಳು.

ಮರುದಿನ ಬೆಳಗ್ಗೆ ತಂಗಿ ಬ್ಯಾಗು ಹೆಗಲಿಗೇರಿಸಿ, ಏನೂ ನಡೆದೇ ಇಲ್ಲವೇನೋ ಎಂಬಂತೆ ಕರೆದಳು. "ಅಕ್ಕಾ, ಹೊತ್ತಾಯ್ತು ಬಾರೇ."

ಅಕ್ಕ ಆಗ ತನ್ನ ಷೂಗಳನ್ನೂ ರಾಕೆಟ್ಟುಗಳನ್ನೂ ಹಳೆಯ ಸೂಟ್‌ಕೇಸಿಗೆ ತುಂಬಿ ಮುಗಿಸಿದ್ದಳು. ಒಂದೇ ಕೈಯಲ್ಲಿ, ಬಲಗೈಯಲ್ಲೇ, ಅದನ್ನು ಎತ್ತಿ ಬೀರುವಿನ ಮೇಲಕ್ಕೆ ತಳ್ಳಿದಳು.

"ಹೇಗಮ್ಮ ಬರ್ಲಿ?" ಎಂದಳು. "ನನ್ನ ಭುಜ ಹೋಗಿದೆ. ನೀನೇ ಅಲ್ವಾ ಅತ್ಕೊಂಡು ಹೇಳಿದ್ದು?"