ಪಾಯಿಂಟ್ ಏಳು ಆರು

ಬಾಗಲಗುಂಟೆಯ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡೋಳು ನಾನು. ಪ್ರತಿ ವರ್ಷವೂ ಮಕ್ಕಳ ಜೊತೆ ನನ್ನ ಮೊದಲ ಜಗಳ ಸಾರ್ಥಕ ಅಂಕಿಗಳದ್ದೇ, ಅಂದರೆ ಅಳತೆಯಲ್ಲಿ ಎಷ್ಟು ಅಂಕಿ ನಂಬಬಹುದು ಅನ್ನೋದರದ್ದು. ಮರದ ಸ್ಕೇಲಲ್ಲಿ ಕಡ್ಡಿ ಅಳೀತಾರೆ, ಆಮೇಲೆ ಕ್ಯಾಲ್ಕ್ಯುಲೇಟರ್ ತೋರಿಸಿದ ಅಂಕಿಗಳನ್ನೆಲ್ಲ ರಾಕೆಟ್ ಬಿಡೋರ ಹಾಗೆ ಉತ್ತರಕ್ಕೆ ಇಳಿಸ್ತಾರೆ. "ಸ್ಕೇಲಿಗೆ ಎಷ್ಟು ಗೊತ್ತೋ ಅಷ್ಟೇ ಬರೀರಿ ಕಣ್ರೋ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!" ಅಂತ ಬೈದು ಅರ್ಧ ಮಾರ್ಕ್ಸ್ ಕತ್ತರಿಸ್ತೀನಿ. ಮನೇಲಿ ಪೇಪರ್ ತಿದ್ದುವಾಗ ಅಮ್ಮ ಪಕ್ಕದಲ್ಲಿ ಕೂತು ಗೊಣಗೋಳು. "ಪಾಪ ಕಣೇ, ಅರ್ಧ ಮಾರ್ಕ್ಸ್ ಕೊಟ್ರೆ ನಿನ್ನ ಗಂಟೇನು ಹೋಗುತ್ತೆ?"

ಅಮ್ಮ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ವರ್ಷಾನುಗಟ್ಟಲೆ ನಿಂತೇ ದುಡಿದವಳು. ಮಂಡಿನೋವಿಗೆ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ನುಂಗಿ ಕಿಡ್ನಿ ಹಾಳಾಗಿದೆ ಅಂದರು ಡಾಕ್ಟರು. ನಾಗಸಂದ್ರದ ಲ್ಯಾಬಿನಲ್ಲಿ ಕ್ರಿಯಾಟಿನಿನ್ 4.8 ಬಂತು. ಕಿಡ್ನಿ ಸೋಸದೆ ರಕ್ತದಲ್ಲಿ ಉಳಿಯೋ ಕಸ ಅದು, ಒಂದರ ಆಸುಪಾಸಿನಲ್ಲಿ ಇರಬೇಕಾದ್ದು. "ಡಯಾಲಿಸಿಸ್ ತಪ್ಪಲ್ಲ. ಅದಕ್ಕೆ ಈಗಲೇ ಕೈಯಲ್ಲಿ ರಕ್ತನಾಳ ಕೂಡಿಸೋ ಸಣ್ಣ ಆಪರೇಷನ್ ಮಾಡಿಸಿಬಿಡಿ. ಅದು ಬಲಿಯೋಕೆ ಎರಡು ತಿಂಗಳಾದ್ರೂ ಬೇಕು" ಅಂದರು. ಅಮ್ಮ ಕೈ ಹಿಂದಕ್ಕೆ ಎಳಕೊಂಡಳು. "ಇನ್ನೊಂದು ಸಲ ಟೆಸ್ಟ್ ಮಾಡ್ಸೋಣ. ಕಮ್ಮಿ ಆಗಿದ್ರೆ ನಾನು ಕುಯ್ಯಿಸ್ಕೊಳಲ್ಲ."

ಎರಡನೇ ಸಲ ರಕ್ತ ಕೊಟ್ಟದ್ದು ಆಸ್ಪತ್ರೆಯ ಲ್ಯಾಬಿನಲ್ಲಿ. ಅವರು ಪಾಯಿಂಟಿನ ಮುಂದೆ ಎರಡು ಅಂಕಿ ಅಚ್ಚು ಹಾಕ್ತಾರೆ. 4.76.

"ಇಳೀತು ನೋಡು!" ಅಂತ ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಆ ಮುಖದಲ್ಲಿ ಅಂಥ ಕಳೆ ನೋಡಿ ಎಷ್ಟೋ ದಿನವಾಗಿತ್ತು. ಆದರೂ ಹೇಳಿದೆ. "ಅಮ್ಮ, ನಾಗಸಂದ್ರದೋರು ಪಾಯಿಂಟಿನ ಮುಂದೆ ಒಂದೇ ಅಂಕಿ ಬರೆಯೋದು. ಇದನ್ನ ಅವರು ಬರೆದಿದ್ರೂ ರೌಂಡ್ ಮಾಡಿ 4.8 ಅಂತಲೇ ಬರೀತಿದ್ರು. ಎರಡೂ ಒಂದೇ. ಏನೂ ಇಳಿದಿಲ್ಲ."

"ಮಕ್ಕಳಿಗೂ ಕತ್ತರಿಸ್ತೀಯ, ನನಗೂ ಕತ್ತರಿಸ್ತೀಯ" ಅಂದಳು ಅಮ್ಮ. "ಪೇಪರಲ್ಲಿ ಕಮ್ಮಿ ಅಂತಿದೆ. ನನ್ನ ಕೈ ಮುಟ್ಟಬೇಡ."

ಕೂಗಾಡಿದೆ, ಕಾಲು ಹಿಡಿದೆ, ಡಾಕ್ಟರ ಹತ್ತಿರ ಫೋನಿನಲ್ಲಿ ಹೇಳಿಸಿದೆ. ಊಹೂಂ. ತರಗತಿಯಲ್ಲಿ ಅರವತ್ತು ಮಕ್ಕಳನ್ನ ಒಪ್ಪಿಸೋ ಬಾಯಿ ಮನೇಲಿ ಒಬ್ಬಳನ್ನ ಒಪ್ಪಿಸಲಿಲ್ಲ. ಆ ಹಾಳು ಆರನ್ನ ಅಚ್ಚು ಹಾಕಿದ ಮಷೀನನ್ನ ಒಡೆದುಹಾಕಬೇಕು ಅನ್ನಿಸೋದು. ಅಮ್ಮ ಮಾತ್ರ ಉಪ್ಪು ಬಿಟ್ಟು, ಕಂಡವರಿಗೆಲ್ಲ "ನನಗೆ ಇಳೀತಾ ಇದೆ" ಅಂತ ಹೇಳಿಕೊಂಡು ಓಡಾಡಿದಳು.

ಹೀಗೇ ನಾಲ್ಕು ತಿಂಗಳು ಹೋಯ್ತು. ಯುಗಾದಿ ಕಳೆದು ವಾರವಾಗಿರಲಿಲ್ಲ, ಒಂದು ಬೆಳಿಗ್ಗೆ ಅವಳಿಗೆ ಉಸಿರೇ ಎಳೆಯೋಕೆ ಆಗಲಿಲ್ಲ. ಕಾಲು ಬಾತು ಚಪ್ಪಲಿ ಹತ್ತಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆ. ರಿಪೋರ್ಟಿನಲ್ಲಿ 8.24. "ಈಗ ಕೈ ಆಪರೇಷನ್ ಮಾಡಿ ಅದು ಬಲಿಯೋವರೆಗೂ ಕಾಯೋಕೆ ಟೈಮಿಲ್ಲ ಮೇಡಂ. ಡಯಾಲಿಸಿಸ್‌ಗೆ ಕುತ್ತಿಗೆಗೇ ಪೈಪ್ ಹಾಕಬೇಕು. ಸೋಂಕಾದ್ರೆ ಕಷ್ಟ, ಉಳೀತಾರೆ ಅಂತ ಮಾತು ಕೊಡೋಕಾಗಲ್ಲ" ಅಂದರು ಡಾಕ್ಟರು.

ಒಳಗೆ ಕರೆದೊಯ್ಯೋಕೆ ಮುಂಚೆ ಅಮ್ಮ ನನ್ನ ಸೆರಗು ಹಿಡಿದಳು. "ಎಷ್ಟಿದೆಯಂತೆ?"

ಹೇಳಿದೆ.

"ನೀನು ರೌಂಡ್ ಮಾಡ್ತೀಯಲ್ಲ, ಮಾಡಿದ್ರೆ ಎಷ್ಟಾಗುತ್ತೆ?"

"ಎಂಟು ಪಾಯಿಂಟ್ ಎರಡು."

"ಹಂಗಾದ್ರೆ ಒಂಚೂರು ಕಮ್ಮಿ ಆಯ್ತಲ್ಲೇ?" ಅಂದಳು, ಉಸಿರು ಹಿಡಿದು ಹಿಡಿದು.

"ಹೂಂ ಕಣಮ್ಮ," ಅಂದೆ. "ಕಮ್ಮಿ ಆಯ್ತು."